ಅಕ್ಕನಿಲ್ಲದ ಪ್ರಾರ್ಥನೆ

ನನ್ನ ಅಕ್ಕ ಗದಗದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ. ಆಮೇಲೆ ನನ್ನ ತಲೆ ಬಾಚಿದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು, ಮೊಣಕಾಲೂರಿ ಪ್ರಾರ್ಥನೆ ಮಾಡುವುದನ್ನು ಕಲಿಸಿದವಳು ಅವಳೇ. ಚಿಕ್ಕವಳಿದ್ದಾಗ ನಾನು ಚರ್ಚಿನ ಹಿರಿಯರನ್ನು ಅನುಕರಿಸಿ ಉದ್ದುದ್ದ ಪ್ರಾರ್ಥನೆ ಮಾಡುತ್ತಿದ್ದೆ. ಅವಳು ಕಣ್ಣು ಮುಚ್ಚಿಕೊಂಡೇ ನನ್ನ ತೊಡೆಗೆ ಚಿವುಟುತ್ತಿದ್ದಳು. "ಅಷ್ಟ್ ದೊಡ್ಡ ಮಾತು ಪಾಸ್ಟರಿಗೆ ಬಿಡು. ನಿನ್ನ ಮನಸಿನ್ಯಾಗ ಏನೈತಿ ಅದನ್ನ ಹೇಳು" ಎನ್ನುತ್ತಿದ್ದಳು.

ಲಾಕ್‌ಡೌನ್ ಶುರುವಾದಾಗ ನಾನು ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ಸಂಶೋಧನೆಯ ಎರಡನೇ ವರ್ಷದಲ್ಲಿದ್ದೆ. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ನನ್ನ ವಿಷಯ. ಲ್ಯಾಬಿಗೆ ಬೀಗ ಬಿತ್ತು, ಚರ್ಚಿಗೂ ಬಿತ್ತು. ಭಾನುವಾರದ ಆರಾಧನೆ ಲ್ಯಾಪ್‌ಟಾಪಿಗೆ ಬಂದು ಕೂತಿತು. ನನ್ನ ಜೊತೆ ಮನೆ ಹಂಚಿಕೊಂಡಿದ್ದ ಬೆಂಗಳೂರಿನ ಗೆಳತಿಯ ಐಟಿ ಆಫೀಸು ಕೂಡ ನಮ್ಮ ಅಡುಗೆಮನೆಯ ಮೇಜಿಗೇ ಬಂತು. ಅವಳು ಬೆಳಿಗ್ಗೆ ಒಲೆಯ ಪಕ್ಕದ ಪುಟ್ಟ ಗಣಪತಿಗೆ ದೀಪ ಹಚ್ಚಿ, ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ.

ಆ ದಿನಗಳಲ್ಲಿ ಅಕ್ಕನೇ ಒಂದು ಪದ್ಧತಿ ಹಾಕಿದಳು. ಇಲ್ಲಿ ಸಂಜೆ ಐದು, ಅಲ್ಲಿ ಎಂಟೂವರೆ. ಹತ್ತು ನಿಮಿಷ ಫೋನಿನಲ್ಲಿ ಇಬ್ಬರೂ ಪ್ರಾರ್ಥನೆ ಮಾಡುವುದು. ಅವಳಿಗೆ ಡ್ಯೂಟಿ ಇದ್ದರೆ ಎರಡೇ ನಿಮಿಷ. ಅವಳ ಪ್ರಾರ್ಥನೆಯಲ್ಲಿ ಹೆಸರುಗಳಿರುತ್ತಿರಲಿಲ್ಲ. "ಏಳನೇ ಬೆಡ್ಡಿನ ಅಜ್ಜ ಇವತ್ತ ಊಟ ಮಾಡ್ಯಾನ, ಉಪಕಾರ. ಹನ್ನೆರಡನೇ ಬೆಡ್ಡಿನಾಕಿಗೆ ಉಸಿರು ಸಾಲ್ತಿಲ್ಲ, ನೋಡಪ್ಪ" ಎಂದು ಹೇಳಿ ಆಮೆನ್ ಎನ್ನುತ್ತಿದ್ದಳು. ಹನ್ನೆರಡನೇ ಬೆಡ್ಡಿಗೆ ಹೊಸಬರು ಬಂದಿದ್ದಾರೆ ಎಂದು ಮರುದಿನ ಅವಳು ಹೇಳಿದರೆ, ಹಳಬರಿಗೆ ಏನಾಯಿತೆಂದು ನಾನು ಕೇಳುತ್ತಿರಲಿಲ್ಲ. ನನ್ನ ಪಾಲಿನದು ಸಣ್ಣಪುಟ್ಟ ಸಂಗತಿಗಳು: ಮಾರ್ಗದರ್ಶಕರು ತಿರಸ್ಕರಿಸಿದ ಅಧ್ಯಾಯ, ಕಿಟಕಿಯಾಚೆ ಖಾಲಿ ಓಡುವ ಬಸ್ಸು, ಒಂಟಿತನ. ಅವಳ ಎದುರು ಅವನ್ನು ಹೇಳಲು ನಾಚಿಕೆಯಾಗುತ್ತಿತ್ತು. "ದೇವರಿಗೆ ನಿಂದು ಸಣ್ಣದು, ನಂದು ದೊಡ್ಡದು ಅಂತ ಇಲ್ಲಬೇ. ಹೇಳು" ಎನ್ನುತ್ತಿದ್ದಳು.

ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೆ ನಡೆಯಿತು. ಎರಡನೇ ಅಲೆಯ ಏಪ್ರಿಲ್‌ನಲ್ಲಿ ಅಕ್ಕನಿಗೇ ಜ್ವರ ಬಂತು.

ಮೊದಲ ದಿನ ನಾನು ಟಿಕೆಟ್ ನೋಡಿದೆ. ಆಗಿನ್ನೂ ವಿಮಾನಗಳಿದ್ದವು. ಫೋನ್ ಮಾಡಿ, "ನಾ ಬರ್ತೀನಿ" ಎಂದೆ.

"ಬಂದು ಏನ್ ಮಾಡ್ತಿ? ನನ್ನ ಹತ್ರ ಬಿಡಂಗಿಲ್ಲ ನಿನ್ನ. ಆರಾಮ ಅದೀನಿ, ಬರಬ್ಯಾಡ. ನಿನ್ನ ಕೆಲಸ ಮುಗಸು" ಎಂದಳು, ಕೆಮ್ಮಿನ ನಡುವೆ.

ಅವಳು ಹಾಗೆಂದಾಗ ನನಗೆ ಒಳಗೊಳಗೇ ಸಮಾಧಾನವಾಯಿತು. ಇದನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಲ್ಯಾಬಿನಲ್ಲಿ ನನಗೆ ಮೂರು ವಾರದ ಜಾಗ ಸಿಕ್ಕಿತ್ತು. ಹೋದರೆ ಅದು ಕೈತಪ್ಪುತ್ತಿತ್ತು, ಮರಳಿ ಬರುವುದೂ ಖಾತ್ರಿಯಿರಲಿಲ್ಲ. ಬೇಡವೆಂದು ಅಕ್ಕನೇ ಹೇಳಿದಳಲ್ಲ ಎಂದು ಆ ಮಾತನ್ನು ಹಿಡಿದುಕೊಂಡೆ. ಕೆಲವೇ ದಿನಗಳಲ್ಲಿ ವಿಮಾನಗಳು ನಿಂತುಹೋದವು. ಅಷ್ಟರಲ್ಲಿ ಅವಳನ್ನು ಅವಳ ಆಸ್ಪತ್ರೆಯಲ್ಲೇ ಆಮ್ಲಜನಕಕ್ಕೆ ಹಾಕಿದ್ದರು.

ಹೋಗದೆ ಉಳಿದ ನಾನು ಪ್ರಾರ್ಥನೆಯ ಮೇಲೆ ಬಿದ್ದೆ. ಉಪವಾಸ ಹಿಡಿದೆ. ಗದಗಕ್ಕೆ ವಿಡಿಯೋ ಕಾಲ್ ಮಾಡಿ ಭಾವನನ್ನೂ, ಅಕ್ಕನ ಮಗಳನ್ನೂ ಕೂರಿಸಿದೆ. ಹುಡುಗಿಗೆ ಆಗ ಹನ್ನೊಂದು ವರ್ಷ. "ದೇವರು ನನಗ ಮಾತು ಕೊಟ್ಟಾನ. ಅಕ್ಕ ಮನಿಗೆ ಬರ್ತಾಳ. ನಾವು ಮಾತ್ರ ಒಂದ್ ಹೊತ್ತೂ ಬಿಡಬಾರದು. ನೀವು ಅಲ್ಲಿ, ನಾ ಇಲ್ಲಿ, ದಿನಾ ಎಂಟೂವರಿಗೆ ತಪ್ಪಸದ ಬೇಡಬೇಕು" ಎಂದೆ. ಭಾವ ತಲೆಯಾಡಿಸಿದರು. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ದೇವರು ನನಗೆ ಯಾವ ಮಾತನ್ನೂ ಕೊಟ್ಟಿರಲಿಲ್ಲ. ನನ್ನ ಹೆದರಿಕೆಯೇ ದೇವರ ಧ್ವನಿಯಲ್ಲಿ ಮಾತಾಡಿತ್ತು.

ಆಸ್ಪತ್ರೆ ಸೇರಿದ ಒಂಬತ್ತನೆಯ ದಿನ ಮಧ್ಯಾಹ್ನ ಅಕ್ಕ ತೀರಿಕೊಂಡಳು. ಅವಳ ಕೈಹಿಡಿದು ಕೂತಿದ್ದವಳು ಅವಳ ಜೊತೆಯವಳೇ ಆದ ಒಬ್ಬ ನರ್ಸ್ ಎಂದು ಆಮೇಲೆ ಗೊತ್ತಾಯಿತು.

ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದೆ. ಭಾವ ದೂರದಲ್ಲಿ ನಿಂತು ಫೋನ್ ಹಿಡಿದಿದ್ದರು. ಫೋನ್ ಅಲುಗುತ್ತಿದ್ದುದರಿಂದ ಒಮ್ಮೆ ಆಕಾಶ ಕಾಣುತ್ತಿತ್ತು, ಒಮ್ಮೆ ಬೇವಿನ ಮರ, ಒಮ್ಮೆ ಬಿಳಿ ಪಿಪಿಇ ಕಿಟ್ ತೊಟ್ಟ ನಾಲ್ಕು ಜನ. ಪಾಸ್ಟರ್ ಏನು ಓದಿದರೋ ಗಾಳಿಯಲ್ಲಿ ಕೇಳಲಿಲ್ಲ. ಗೆಳತಿ ಮೀಟಿಂಗಿನ ಮಧ್ಯದಲ್ಲೇ ಹೆಡ್‌ಫೋನ್ ತೆಗೆದಿಟ್ಟು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು. ಎಲ್ಲ ಮುಗಿದ ಮೇಲೂ ಅವಳು ಬಹಳ ಹೊತ್ತು ಏಳಲಿಲ್ಲ.

"ಏನ್ ಹೇಳ್ಬೇಕು ಅಂತ ಗೊತ್ತಾಗ್ತಿಲ್ಲ ಕಣೇ. ಸಾರಿ ಅಂದ್ರೆ ತುಂಬಾ ಚೀಪ್ ಅನ್ಸತ್ತೆ. ಅನ್ನ ಸಾರು ಮಾಡ್ತೀನಿ, ಎರಡು ತುತ್ತು ತಿನ್ನು" ಎಂದಳು. ಉಪವಾಸ ಮುರಿದದ್ದು ಅವಳ ಕೈಯ ಅನ್ನದಿಂದ.

ಅಂದಿನಿಂದ ಪ್ರಾರ್ಥನೆ ನಿಂತಿತು. ನಿಲ್ಲಿಸಬೇಕೆಂದು ನಿರ್ಧರಿಸಿದವಳಲ್ಲ ನಾನು. ಕಣ್ಣು ಮುಚ್ಚಿದರೆ ಬೇವಿನ ಮರ ಅಲುಗುತ್ತಿತ್ತು, ಅಷ್ಟೆ. ಸಂಜೆ ಐದಾಗುತ್ತಿದ್ದಂತೆ ಫೋನನ್ನು ಮನೆಯಲ್ಲೇ ಬಿಟ್ಟು ಸೈಕಲ್ ಹತ್ತುತ್ತಿದ್ದೆ. ಕಾಲುವೆಯ ದಂಡೆ ಹಿಡಿದು ಊರಾಚೆಯವರೆಗೂ ಹೋಗಿ, ದನಗಳು ಮೇಯುವ ಹುಲ್ಲುಗಾವಲು ಸಿಕ್ಕಾಗ ತಿರುಗಿ ಬರುತ್ತಿದ್ದೆ. ಭಾನುವಾರದ ಆನ್‌ಲೈನ್ ಆರಾಧನೆಯಲ್ಲಿ ನನ್ನ ಮುಖದ ಚೌಕ ಕಾಣಿಸದಿದ್ದುದನ್ನು ಒಬ್ಬರು ಗಮನಿಸಿದ್ದರು. ಅವರು ನಮ್ಮ ಚರ್ಚಿನ ಹಿರಿಯ ಡಚ್ ಮಹಿಳೆ, ನಿವೃತ್ತ ಶಾಲಾ ಶಿಕ್ಷಕಿ. ಮನೆಯೊಳಗೆ ಬರುವಂತಿರಲಿಲ್ಲವಾದ್ದರಿಂದ ಬಾಗಿಲ ಗಂಟೆ ಒತ್ತಿ, ಮೆಟ್ಟಿಲಿಳಿದು ಹಿಂದೆ ನಿಂತು, ನಡೆದು ಬರೋಣವೇ ಎಂದು ಕೇಳಿದರು. ಒಂದೂವರೆ ಮೀಟರ್ ಅಂತರ ಬಿಟ್ಟು ನಡೆದೆವು. ಕೆಲವು ಮಾತಿಗಾಗಿ ಇಬ್ಬರೂ ಕೂಗಬೇಕಾಗುತ್ತಿತ್ತು.

"ನನಗೆ ಪ್ರಾರ್ಥನೆ ಮಾಡುವುದಕ್ಕೆ ಆಗುತ್ತಿಲ್ಲ" ಎಂದೆ, ನನ್ನ ಮುರುಕು ಡಚ್ಚಿನಲ್ಲಿ.

ಅವರಿಗೆ ಆಶ್ಚರ್ಯವಾಗಲಿಲ್ಲ. ಬಹಳ ವರ್ಷಗಳ ಹಿಂದೆ ಅವರ ಒಬ್ಬನೇ ಮಗ ನೀರಿನಲ್ಲಿ ಮುಳುಗಿ ಹೋಗಿದ್ದ. "ಆಮೇಲೆ ಎರಡು ವರ್ಷ ನಾನು ಚರ್ಚಿನಲ್ಲಿ ಬಾಯಿ ತೆರೆಯಲಿಲ್ಲ. ಪಕ್ಕದ ಬೆಂಚಿನವರು ಹಾಡುತ್ತಿದ್ದರು, ನಾನು ಕೂತಿರುತ್ತಿದ್ದೆ. ನಿನಗೆ ಆಗದಿದ್ದರೆ ಬಿಡು. ಸದ್ಯ ನಿನ್ನ ಪಾಳಿ ನಾನು ಮಾಡುತ್ತೇನೆ" ಎಂದರು. ಸ್ವಲ್ಪ ದೂರ ನಡೆದ ಮೇಲೆ, "ದೇವರ ಮೇಲೆ ಸಿಟ್ಟಿದೆಯೇ?" ಎಂದು ಕೇಳಿದರು.

"ಇದೆ."

"ಹಾಗಾದರೆ ಅದನ್ನು ನನಗೆ ಹೇಳಬೇಡ. ಅವನಿಗೇ ಹೇಳು. ಅದೂ ಪ್ರಾರ್ಥನೆಯೇ."

ಮರುದಿನ ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿ, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಗಟ್ಟಿಯಾಗಿ ಕನ್ನಡದಲ್ಲಿ, "ಯಾಕ?" ಎಂದೆ. ಎರಡು ದನಗಳು ತಲೆಯೆತ್ತಿ ನೋಡಿದವು. ಬೇರೆ ಉತ್ತರವೇನೂ ಬರಲಿಲ್ಲ. ಆದರೆ ಅನೇಕ ವಾರಗಳ ಮೇಲೆ ನಾನು ಅವನೊಡನೆ ಮಾತಾಡಿದ್ದೆ.

ಜುಲೈನಲ್ಲಿ ಒಂದು ಸಂಜೆ ಮಳೆ ಜೋರಾಗಿ ಹೊರಗೆ ಹೋಗಲಾಗಲಿಲ್ಲ. ಐದು ಗಂಟೆಗೆ ಸರಿಯಾಗಿ ಅಕ್ಕನ ನಂಬರಿನಿಂದ ಫೋನ್ ಬಂತು. ಪರದೆಯ ಮೇಲೆ ಅವಳದೇ ಹೆಸರು. ಎತ್ತಿದೆ. ಅಕ್ಕನ ಮಗಳು.

"ಚಿಕ್ಕವ್ವಾ, ಅವ್ವ ಇದ ಟೈಮಿಗೆ ನಿನ್ನ ಜೋಡಿ ಪ್ರಾರ್ಥನಾ ಮಾಡ್ತಿದ್ಲಲ್ಲ. ನಾ ಮಾಡಿದ್ರ ನಡೀತೈತೇನು?"

ನಡೆಯುತ್ತದೆ ಎಂದೆ. ಅವಳು ಶುರು ಮಾಡಲಿಲ್ಲ.

"ಏನಾತು ಪುಟ್ಟಿ?"

"ಚಿಕ್ಕವ್ವಾ, ನಾ ಒಂದಿನ ಮಲಗಿಬಿಟ್ಟೆ."

"ಯಾವತ್ತು?"

"ಅವ್ವ ದವಾಖಾನ್ಯಾಗ ಇದ್ದಾಗ. ಎಂಟನೇ ದಿನ. ಅಪ್ಪ ಎಬ್ಬಸಲಿಲ್ಲ. ಪ್ರಾರ್ಥನಾ ತಪ್ಪಿತು. ಮುಂದಿನ ದಿನಾನ ಅವ್ವ..." ಅಷ್ಟಕ್ಕೆ ನಿಂತಳು. ಆಮೇಲೆ ಬಹಳ ಮೆಲ್ಲಗೆ, "ನೀ ಹೇಳಿದ್ದಿ, ಒಂದ್ ಹೊತ್ತೂ ಬಿಡಬಾರದಂತ" ಎಂದಳು.

ಎರಡು ತಿಂಗಳಿಗೂ ಹೆಚ್ಚು ಕಾಲ ಆ ಮಗು ತಾಯಿಯ ಸಾವನ್ನು ತನ್ನ ನಿದ್ದೆಯ ಮೇಲೆ ಹೊತ್ತು ತಿರುಗಿತ್ತು. ಹೊರೆಸಿದವಳು ನಾನು. ನನಗೆ ಅಳು ಬರಲಿಲ್ಲ, ಬಂದಿದ್ದರೆ ಸುಲಭವಾಗುತ್ತಿತ್ತು. ಮೇಜಿನ ಅಂಚನ್ನು ಹಿಡಿದುಕೊಂಡು ನಿಂತೆ. ಎದುರಿಗಿದ್ದ ಗೆಳತಿ ನನ್ನ ಮುಖ ನೋಡಿ, ತನ್ನ ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಗೆ ಹೋದಳು.

"ನನ್ನ ಮಾತು ಕೇಳು. ದೇವರು ನನಗ ಮಾತು ಕೊಟ್ಟಾನ ಅಂತ ಹೇಳಿದ್ನಲ್ಲ, ಅದು ಸುಳ್ಳು. ಅವ ಏನೂ ಹೇಳಿರಲಿಲ್ಲ. ನನಗ ಅಂಜಿಕಿ ಆಗಿತ್ತು, ಅದಕ್ಕ ಹಂಗ ಅಂದೆ. ತಪ್ಪಸಬಾರದು ಅಂದಿದ್ದೂ ನಂದ ತಪ್ಪು. ನೀ ಮಲಗಿದ್ದಕ್ಕ ಅವ್ವ ಹೋಗಲಿಲ್ಲ."

"ಮತ್ತ ಯಾಕ ಹೋದ್ಲು?"

"ಬ್ಯಾನಿ ದೊಡ್ಡದಿತ್ತು. ಶ್ವಾಸಕೋಶ ಪೂರಾ ಕೆಟ್ಟಿತ್ತು. ದೇವರು ಯಾಕ ಉಳಸಲಿಲ್ಲ ಅಂತ ನನಗ ಗೊತ್ತಿಲ್ಲ. ನಾನೂ ಅವನ್ನ ಕೇಳಾಕತ್ತೀನಿ."

"ಅವಗ ಸಿಟ್ಟು ಬರಂಗಿಲ್ಲ?"

"ನೀ ಮಲಗಿದ್ದಕ್ಕ ನಿಮ್ಮವ್ವ ಯಾವತ್ತರ ಸಿಟ್ಟಾಗಿದ್ಲೇನು?"

"ಇಲ್ಲ. ಚಾದರ ಹೊಚ್ಚತಿದ್ಲು."

ಅಷ್ಟು ಹೇಳಿ ಹುಡುಗಿ ಅಳಲು ಶುರು ಮಾಡಿದಳು. ಅವಳು ಅದುವರೆಗೂ ಅತ್ತೇ ಇರಲಿಲ್ಲವೆಂದು ಭಾವ ಆಮೇಲೆ ಹೇಳಿದರು. ಫೋನ್ ಹಿಡಿದುಕೊಂಡೇ ಇದ್ದೆ. ಆ ದಿನ ಪ್ರಾರ್ಥನೆ ಎಂದು ನಾವು ಹೇಳಿದ್ದು ಒಂದೇ ಸಾಲು. ಅದನ್ನು ಅವಳೇ ಹೇಳಿದಳು: "ದೇವರೇ, ಅವ್ವನ್ನ ನೋಡಬೇಕು ಅನಸ್ತೈತಿ. ಆಮೆನ್."

ಮರುದಿನವೂ ಐದಕ್ಕೆ ಫೋನ್ ಬಂತು. ಆಮೇಲೆ ದಿನವೂ. ಕೆಲವು ದಿನ ಅವಳು ಮರೆಯುತ್ತಿದ್ದಳು, ಆಗ ನಾನು ಮಾಡುತ್ತಿದ್ದೆ. ಕೆಲವು ದಿನ ಇಬ್ಬರೂ ಮರೆಯುತ್ತಿದ್ದೆವು. ಮರೆತದ್ದಕ್ಕೆ ಕ್ಷಮೆ ಕೇಳುವ ಹಾಗಿಲ್ಲ ಎಂದು ನಿಯಮ ಮಾಡಿಕೊಂಡೆವು. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳುವ ಹಾಗಿಲ್ಲ ಎಂಬುದು ಇನ್ನೊಂದು ನಿಯಮ, ಅದು ನನಗಾಗಿ. ಚಪಾತಿ ಸುಟ್ಟದ್ದು, ಗಣಿತದ ಪರೀಕ್ಷೆ, ಅವ್ವನ ಸೀರೆಗಳನ್ನು ಟ್ರಂಕಿಗೆ ಹಾಕಿದ್ದು, ಎಲ್ಲವೂ ಆ ಹೊತ್ತಿಗೆ ಬರುತ್ತಿದ್ದವು. ನನ್ನ ನಂಬಿಕೆ ಮರಳಿ ಬಂದ ದಿನ ಯಾವುದೆಂದು ಹೇಳಲಾರೆ. ಮಗುವಿಗಾಗಿ ಬಾಯಿ ತೆರೆಯುತ್ತಾ ತೆರೆಯುತ್ತಾ ಯಾವಾಗಲೋ ನಾನೂ ಬೇಡುತ್ತಿದ್ದೆ. ಪ್ರಾರ್ಥನೆ ಬಾರದೆ ಕೂತಿರುವವರು ಇದನ್ನು ಓದುತ್ತಿದ್ದರೆ ಅವರಿಗೆ ನಾನು ಹೇಳಬಲ್ಲದ್ದು ಇಷ್ಟೆ: ಒಬ್ಬರೇ ಕೂರಬೇಡಿ. ಒಂದು ಸಾಲು ಸಾಕು. ಆ ಸಾಲು ನಿಜವಾಗಿರಲಿ.

ಹೋಗದೆ ಉಳಿದ ನನ್ನ ತಪ್ಪನ್ನು ಮಾತ್ರ ಯಾವ ಪ್ರಾರ್ಥನೆಯೂ ಪೂರ್ತಿ ತೊಳೆದಿಲ್ಲ. ಕ್ಷಮೆ ಸಿಕ್ಕಿದೆಯೆಂದು ನಂಬುತ್ತೇನೆ. ಆದರೂ ಅದು ನೋಯುತ್ತದೆ, ದೇವರಿಗೆ ಅದನ್ನೂ ಹೇಳುತ್ತೇನೆ.

ಮುಂದಿನ ವರ್ಷ ದಾರಿ ತೆರೆದ ಮೇಲೆ ಗದಗಕ್ಕೆ ಹೋದೆ. ಭಾವ ಬಹಳ ಇಳಿದುಹೋಗಿದ್ದರು. ಅಕ್ಕನ ಕೊನೆಯ ದಿನಗಳ ಬಗ್ಗೆ ಕೇಳಿದೆ, ನನ್ನ ಲ್ಯಾಬಿನ ಲೆಕ್ಕಾಚಾರವನ್ನೂ ಅವರ ಮುಂದೆ ಹೇಳಿಕೊಂಡೆ. ಅವರು ಬೈಯಲಿಲ್ಲ. "ನಾ ಅದ ಊರಾಗ ಇದ್ದೆ. ನನಗೂ ಒಳಗ ಬಿಡಲಿಲ್ಲ" ಎಂದರು.

ಭಾನುವಾರ ಹುಡುಗಿಯೂ ನಾನೂ ಚರ್ಚಿಗೆ ಹೊರಟೆವು. ಭಾವನೇ ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಅಕ್ಕ ಹೋದಂದಿನಿಂದ ಅವರು ಚರ್ಚಿನೊಳಗೆ ಕಾಲಿಟ್ಟಿರಲಿಲ್ಲ. ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿ, "ನೀವು ಹೋಗ್ರಿ, ನಾ ಇಲ್ಲೇ ಕುಂದ್ರತೀನಿ" ಎಂದರು. ಹುಡುಗಿ ನನ್ನ ಮುಖ ನೋಡಿದಳು. ಇರಲಿ ಬಿಡು ಎಂದು ಸನ್ನೆ ಮಾಡಿದೆ. ಅವಳು ತನ್ನ ಚೀಲದಿಂದ ನೀರಿನ ಬಾಟಲಿ ತೆಗೆದು ಅಪ್ಪನ ಕೈಗೆ ಕೊಟ್ಟು, ಬಿಸಿಲಿನಿಂದ ಸ್ವಲ್ಪ ಸರಿದು ಕೂರಲು ಹೇಳಿ, ನನ್ನ ಜೊತೆ ಒಳಗೆ ಬಂದಳು.