ನೀಲವ್ವನಿಗೆ ಹೇಳಬೇಕಾದ ಮಾತು

ನಮ್ಮ ಮನೆಯ ಬೀಸುವ ಕಲ್ಲಿಗೆ ನಾನು ಹೆದರುತ್ತಿದ್ದೆ ಎಂದರೆ ನೀವು ನಗುತ್ತೀರಿ. ಕಬ್ಬಿನ ಹೊಲದಲ್ಲಿ ಹಾವು ಕಂಡರೆ ಕೈಮುಗಿದು ದಾರಿ ಬಿಡುವವಳು ನಾನು. ಆದರೆ ಅಡುಗೆಮನೆಯ ಮೂಲೆಯ ಆ ಕಲ್ಲಿಗೆ ಬೆನ್ನು ಕೊಟ್ಟು ಕೂಡುತ್ತಿರಲಿಲ್ಲ.

ಅದಕ್ಕೆ ಕಾರಣ ನಮ್ಮ ಅತ್ತೆಯ ಒಂದು ಹಾಡು. ನಾನು ಕಬ್ಬೂರಿಗೆ ಸೊಸೆಯಾಗಿ ಬರುವಷ್ಟರಲ್ಲಿ ಊರಿಗೆ ಗಿರಣಿ ಬಂದಿತ್ತು. ಆದರೂ ಹಬ್ಬದ ಹಿಟ್ಟನ್ನು ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಕಲ್ಲಿನಲ್ಲೇ ಬೀಸುತ್ತಿದ್ದರು. ಹಾಡಿನಲ್ಲಿ ನೀಲವ್ವ ಎಂಬ ಸೊಸೆ. ನಾಗರ ಪಂಚಮಿಗೆ ತವರಿಗೆ ಕರೆಯಲು ಬಂದ ಅಣ್ಣ ಬಾಗಿಲಲ್ಲಿ ನಿಂತಿದ್ದಾನೆ. ಈ ಬುಟ್ಟಿ ಕಾಳು ಬೀಸಿ ಹೋಗು ಎಂದಿದ್ದಾಳೆ ಅವಳ ಅತ್ತೆ. ಬೀಸಿದಷ್ಟೂ ಬುಟ್ಟಿ ತುಂಬಿಯೇ ಇರುತ್ತದೆ. ಅಣ್ಣನ ಗಡ್ಡ ಬೆಳ್ಳಗಾಗುತ್ತದೆ, ಬಂಡಿಯ ಎತ್ತುಗಳು ಸಾಯುತ್ತವೆ, ಮನೆಯ ಗೋಡೆ ಕುಸಿಯುತ್ತದೆ. ಕಲ್ಲು ಮಾತ್ರ ತಿರುಗುತ್ತಲೇ ಇರುತ್ತದೆ. ಕೊನೆಗೆ ನೀಲವ್ವ ಕೇಳುತ್ತಾಳೆ: ‘ಏಳಲೇನವ್ವ, ಇನ್ನೂ ಬೀಸಲೇನ?’

ಅಲ್ಲಿ ಹಾಡುವವರು ನಿಲ್ಲಬೇಕು. ಎದುರು ಕೂತವಳು ಹೇಳಬೇಕು: ‘ಕಾಳ ತೀರ್ಯಾವ, ಏಳ ನನ್ನವ್ವ.’ ಉತ್ತರ ಸಿಗದಿದ್ದರೆ ನೀಲವ್ವ ಆ ಮನೆಯ ಕಲ್ಲಿಗೇ ಬಂದು ಕೂಡುತ್ತಾಳಂತೆ. ಪುರಾಣದಲ್ಲಿ ಮೊಸಳೆ ಹಿಡಿದ ಆನೆ ಕೂಗಿದರೆ ಹರಿ ಓಡಿ ಬಂದ; ನೀಲವ್ವನಿಗೆ ಯಾರೂ ಬರಲಿಲ್ಲ. ದೇವರನ್ನು ದೂರುತ್ತಿಲ್ಲ. ಎದುರು ಕೂತವಳ ಬಾಯಲ್ಲಿ ಅವನೇ ಬರುತ್ತಾನೆಂದು ನಾನು ತಿಳಿದಿದ್ದೇನೆ.

ಎಂಬತ್ತರ ದಶಕದ ಕೊನೆಯಲ್ಲಿ ಒಂದು ಮಧ್ಯಾಹ್ನ, ಹಾಡು ಸಂಗ್ರಹಿಸುವವರೊಬ್ಬರು ಟೇಪ್‌ರೆಕಾರ್ಡರ್ ಹಿಡಿದು ಬಂದರು. ಇಂಥ ಬೀಸುವ ಪದಗಳು ರಾಷ್ಟ್ರದ ಸಂಪತ್ತು ಎಂದರು. “ಗಡಿಯ ಕೊಗನೊಳ್ಳಿಯಲ್ಲಿ ಇದನ್ನೇ ಮರಾಠಿಯಲ್ಲಿ ಹಾಡಿದರು. ಮೂಲ ಯಾವ ಭಾಷೆಯದು, ಅಜ್ಜಿ?”

“ಬೀಸಿ ಬೀಸಿ ಅಂಗೈಯಾಗ ಗುಳ್ಳಿ ಏಳತಾವ್ರಿ,” ಎಂದರು ಅತ್ತೆ. “ಗುಳ್ಳಿಗೆ ಯಾವ ಭಾಷಾ ಅಂತ ಬರಕೋತೀರಿ?”

ಅವರು ನಕ್ಕು, ನನ್ನ ಕಡೆ ತಿರುಗಿ, “ತಂಗಿ, ನೀವು ಉಸಿರೂ ಬಿಡಬೇಡಿ, ಟೇಪಿನಲ್ಲಿ ಬೀಳುತ್ತದೆ,” ಎಂದರು. ಕಲಿತವರ ಮಾತು, ಮೀರುವುದು ಹೇಗೆ? ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಅತ್ತೆ ಹಾಡಿದರು, ನೀಲವ್ವನ ಪ್ರಶ್ನೆ ಕೇಳಿದರು, ಹಾಡು ನಿಲ್ಲಿಸಿದರು. ನನ್ನ ಮುಖ ನೋಡಿದರು. ನಾನು ಯಂತ್ರದ ಕೆಂಪು ದೀಪ ನೋಡಿದೆ. ಟಕ್ಕೆಂದು ಅದು ಆರಿತು.

“ಈಗ ಹೇಳಲೇನ್ರಿ ಅತ್ತಿ?”

“ಅಕಿ ಕೇಳಿದಾಗ ಹೇಳಬೇಕಿತ್ತ ಬೇ. ಈಗ ಯಾರಿಗೆ ಹೇಳತಿ? ಅಕಿ ಆ ಡಬ್ಬ್ಯಾಗ ಸಿಕ್ಕೊಂಡ್ಲ.”

ಆಮೇಲೆ ಅವರು ಆ ಪದ ಹಾಡಲೇ ಇಲ್ಲ. ನನಗೆ ಮಾತ್ರ ಮಧ್ಯಾಹ್ನದ ಹೊತ್ತು ಮೂಲೆಯಿಂದ ಗುರ್ ಗುರ್ ಎಂದು ಕೇಳತೊಡಗಿತು. ಮೊದಲ ದಿನ ಓಡಿ ಹೋಗಿ ನೋಡಿದರೆ ಕಲ್ಲಿನ ಮೇಲೆ ಬೆಕ್ಕು ಮಲಗಿತ್ತು. ದೇವರು ದೊಡ್ಡವನು ಎಂದೆ. ಇನ್ನೊಂದು ದಿನ ಕೇಳಿಸಿದಾಗ ಬೆಕ್ಕು ಅಂಗಳದಲ್ಲಿತ್ತು. ಕಲ್ಲನ್ನು ಮುಟ್ಟಿದೆ, ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು ಅಂದುಕೊಂಡೆ. ಆ ಮೂಲೆಗೆ ಬಿಸಿಲು ಬರುವುದಿಲ್ಲ.

ಹಾಸಿಗೆ ಹಿಡಿದ ಅತ್ತೆ ಕೊನೆಗೆ ಬಂಗಾರದ ಮಾತಾಡಲಿಲ್ಲ, ಹೊಲದ ಮಾತಾಡಲಿಲ್ಲ. ನನ್ನ ಕೈ ಹಿಡಿದು, “ನೀಲವ್ವಗ ಹೇಳಿಬಿಡ, ಮರೀಬ್ಯಾಡ,” ಎಂದರು. ಎಲ್ಲಿ ಹೇಳಲಿ, ಯಾವಾಗ ಹೇಳಲಿ?

ತೊಂಬತ್ತರ ದಶಕದ ಒಂದು ಪಂಚಮಿಯ ಹಿಂದಿನ ದಿನ, ಬೆಲ್ಲದ ಉಂಡಿ ಕಟ್ಟುತ್ತ ಕೂತಿದ್ದೆ. ರೇಡಿಯೋದಲ್ಲಿ ಯಾರೋ ‘ನಮ್ಮ ರಾಷ್ಟ್ರದ ಜಾನಪದ ಸಂಪತ್ತು’ ಎಂದರು. ಹಿಂದೆಯೇ ಅತ್ತೆಯ ದನಿ ಬಂತು. ಸತ್ತು ನಾಲ್ಕು ವರ್ಷವಾಗಿದ್ದವರು ನನ್ನ ಬೆನ್ನ ಹಿಂದಿನ ರೇಡಿಯೋದಲ್ಲಿ ಕಲ್ಲು ತಿರುಗಿಸುತ್ತಿದ್ದರು. ಅಣ್ಣನ ಗಡ್ಡ ಬೆಳ್ಳಗಾಯಿತು, ಎತ್ತುಗಳು ಸತ್ತವು, ಗೋಡೆ ಬಿತ್ತು. ‘ಏಳಲೇನವ್ವ, ಇನ್ನೂ ಬೀಸಲೇನ?’

ಪುಣ್ಯಕ್ಕೆ ಟೇಪಿನಲ್ಲಿದ್ದ ಆ ಮೌನವನ್ನು ಯಾರೂ ಕತ್ತರಿಸಿರಲಿಲ್ಲ. ಬೆಲ್ಲದ ಕೈಯಲ್ಲೇ ಎದ್ದು ನಿಂತು ಕೂಗಿದೆ: “ಕಾಳ ತೀರ್ಯಾವ, ಏಳ ನನ್ನವ್ವ!” ನಮ್ಮವರು ಗಾಬರಿಯಾಗಿ ಒಳಗೆ ಬಂದರು.

ಹಬ್ಬಕ್ಕೆ ಭೋಜ ಎಂಬ ಊರಿನಿಂದ ಬಂದ ನಾದಿನಿ ಮೆಲ್ಲಗೆ ಹೇಳಿದಳು: “ವೈನಿ, ರೇಡಿಯೋದಾಗ ಅವ್ವ ಕೇಳಿದ್ಲಲ್ಲ, ನಾ ಅಂದೆ. ನಮ್ಮ ಓಣ್ಯಾಗ ಮೂರು ಮನ್ಯಾಗ ಅಂದಾರ. ಬಾಜೂ ಮನಿಯಾಕಿ ಮರಾಠ್ಯಾಗ ಅಂದ್ಲು!”

ರಾಷ್ಟ್ರ, ಸಂಪತ್ತು ಎಂಬ ದೊಡ್ಡ ಮಾತು ನನಗೆ ಅಂದು ಒಂದಿಷ್ಟು ತಿಳಿಯಿತು. ಈಗ ಕಲ್ಲು ತಣ್ಣಗಿದೆ. ಬೆನ್ನು ಕೊಟ್ಟು ಕೂಡುತ್ತೇನೆ. ಆದರೆ ರೇಡಿಯೋದವರು ಅದೇ ಟೇಪನ್ನು ಮತ್ತೆ ಹಾಕಬಹುದು, ನೀಲವ್ವ ಮತ್ತೆ ಕೇಳಬಹುದು. ಹತ್ತಿರದಲ್ಲಿದ್ದರೆ ನೀವೂ ಒಂದು ಮಾತು ಅಂದುಬಿಡಿ. ಬಾಯಲ್ಲಿ ತುತ್ತಿದ್ದರೂ ನಡೆಯುತ್ತದೆ.