ಅಣ್ಣನ ಫೋನಿಗೆ ಹೋದ ಪುಸ್ತಕ

ಮೊಬೈಲಿಗೆ ಮೆಸೇಜು ಬಂದ ಸದ್ದಾದರೆ ಈಗಲೂ ನಾನು ಮೊದಲು ಫೋನನ್ನು ಬೋರಲು ಹಾಕುತ್ತೇನೆ.

ನಾನು ತುಮಕೂರಿನ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತೇನೆ. ಅಲ್ಲಿನ ಗ್ರಂಥಾಲಯ ಸಮಿತಿಯಲ್ಲೂ ಇದ್ದೇನೆ. ಈ ವರ್ಷದ ಸಭೆಯಲ್ಲಿ ಇಡೀ ಮಧ್ಯಾಹ್ನ ಕಾಪಿರೈಟ್ ಮಾತಿನಲ್ಲೇ ಕಳೆಯಿತು. ನಮ್ಮ ನೋಟ್ಸನ್ನು ಸ್ಕ್ಯಾನ್ ಮಾಡಿ ಗ್ರಂಥಾಲಯದ ವೆಬ್‌ಸೈಟಿಗೆ ಹಾಕುತ್ತಾರಂತೆ, ಹಾಗಾದರೆ ಹಕ್ಕು ಯಾರದು ಎಂದು ಎಲ್ಲರಿಗೂ ಆತಂಕ. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುವ ಹಿರಿಯ ಪ್ರಾಧ್ಯಾಪಕರು, "ನನ್ ನೋಟ್ಸು ನಮ್ ಮೇಷ್ಟ್ರುದು, ಅವ್ರುದು ಅವರ್ ಮೇಷ್ಟ್ರುದು. ಕೇಸ್ ಹಾಕೋರು ಸ್ವರ್ಗದಿಂದ ಇಳಿದು ಬರ್ಬೇಕು" ಎಂದಾಗ ನಾವೆಲ್ಲ ನಕ್ಕೆವು. ಆ ನಗುವಿನಲ್ಲೇ ಕೊನೆಯ ವಿಷಯ ಪಾಸಾಗುವುದರಲ್ಲಿತ್ತು: ಇನ್ನು ಮೇಲೆ ಪುಸ್ತಕ ಪಡೆದವರಿಗೆ ಅದರ ಹೆಸರು, ಹಿಂದಿರುಗಿಸುವ ದಿನ ಮೆಸೇಜಾಗಿ ಹೋಗುತ್ತದೆ.

"ಏನ್ ಓದ್ತಾರೆ ಅನ್ನೋದು ಮೆಸೇಜಲ್ಲಿ ಯಾಕೆ ಸಾರ್?" ಎಂದು ಕೇಳಿದೆ.

"ಓದೋರ ಮೊಬೈಲಿಗೇ ತಾನೆ ಮೇಡಂ ಹೋಗೋದು," ಎಂದರು ಗ್ರಂಥಪಾಲಕರು. ಪಾಸಾಯಿತು.

ಆದರೆ ನಮ್ಮ ಕಡೆ ಅಡ್ಮಿಷನ್ ದಿನ ಹುಡುಗಿಯರು ತಮ್ಮ ನಂಬರು ಬರೆಸುವುದಿಲ್ಲ. ಜೊತೆಗೆ ಬಂದ ಅಪ್ಪನೋ ಅಣ್ಣನೋ ತನ್ನ ನಂಬರು ಹೇಳುತ್ತಾನೆ. ಇದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆಗ ಯಾರಿಗೂ ಹೊಳೆಯಲಿಲ್ಲ.

ಕುಣಿಗಲ್ ಕಡೆಯ ಒಬ್ಬ ವಿದ್ಯಾರ್ಥಿನಿಗೆ ಸೆಮಿನಾರಿಗೆಂದು ಅಂತರ್ಜಾತಿ ವಿವಾಹದ ವಿಷಯ ಕೊಟ್ಟಿದ್ದೆ. ಅವಳು ಅದರ ಬಗ್ಗೆ ಪುಸ್ತಕ ತೆಗೆದುಕೊಂಡಳು. ಮೆಸೇಜು ಅಣ್ಣನ ಫೋನಿಗೆ ಹೋಯಿತು. ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಅವನು ಯೂನಿಫಾರಂನಲ್ಲೇ ಬೈಕ್ ಹತ್ತಿ ಬಂದ.

ನಾನು ಕೌಂಟರಿನ ಬಳಿ ನಿಂತಿದ್ದೆ. ಒಂದು ಕೈಯಲ್ಲಿ ಹೆಲ್ಮೆಟ್ ಹಿಡಿದೇ ಅವನು ಫೋನನ್ನು ಮೇಜಿನ ಮೇಲಿಟ್ಟು ಮೆಲ್ಲಗೆ ಕೇಳಿದ. ಕೂಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

"ಈ ಪುಸ್ತಕ ತಗಂಡವ್ಳು ನಮ್ ತಂಗಿ. ಎಲ್ಲವ್ಳೆ?"

ಅವಳು ನನ್ನ ಬೆನ್ನ ಹಿಂದೆ, ಪತ್ರಿಕೆಗಳ ಕಪಾಟಿನ ಆಚೆ ಕೂತಿದ್ದಳು. ಗ್ರಂಥಪಾಲಕರ ಕಣ್ಣು ಆ ಕಡೆ ಹೊರಳಿದ್ದನ್ನು ಕಂಡೆ. ಅವನೂ ಕಂಡನೇನೋ ಎಂದು ಕಪಾಟಿಗೆ ಅಡ್ಡವಾಗಿ ಸರಿದು ನಿಂತೆ.

"ಆ ವಿಷಯ ನಾನೇ ಕೊಟ್ಟಿದ್ದು ಕಣಪ್ಪಾ," ಎಂದೆ. "ಇನ್ನೊಬ್ಬನಿಗೆ ವರದಕ್ಷಿಣೆ ಕೊಟ್ಟಿದೀನಿ, ಅವನೇನು ವರದಕ್ಷಿಣೆ ಇಸ್ಕೊಂಡ್ನಾ?"

ಅವನು ನಗಲಿಲ್ಲ. "ಹುಡ್ಗ ಯಾರು ಹೇಳ್ಬುಡಿ ಮೇಡಂ. ಮಿಕ್ಕಿದ್ದು ನಾನ್ ನೋಡ್ಕಂತೀನಿ."

"ಹುಡುಗ ಇಲ್ಲ. ಸೆಮಿನಾರಿಗೆ ಮಾರ್ಕ್ಸ್ ಇದೆ, ಅಷ್ಟೇ."

ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ನನ್ನನ್ನೇ ನೋಡಿದ. "ಸುಳ್ಳಾದ್ರೆ ನಿಮ್ಮನ್ನೂ ಕೇಳ್ತೀನಿ," ಎಂದು ಹೊರಟುಹೋದ.

ಕಪಾಟಿನ ಆಚೆ ಅವಳಿಗೆ ಎಲ್ಲ ಕೇಳಿಸಿತ್ತು. "ಓದು ಬಿಡಿಸ್ತಾರೆ ಮೇಡಂ," ಎಂದಳು. ಪುಸ್ತಕವನ್ನು ಚೀಲದೊಳಗೆ ತಳ್ಳುತ್ತ, "ಅಷ್ಟೇ ಆದ್ರೆ ಪರವಾಗಿಲ್ಲ," ಎಂದಳು.

ಶಿರಾ ಗೇಟ್ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬೈಕ್ ಬಂದು ನಿಂತರೆ ಸವಾರನ ಮುಖ ನೋಡಲು ನನಗೆ ಇವತ್ತಿಗೂ ಧೈರ್ಯವಿಲ್ಲ.

ಮೆಸೇಜಿನಿಂದ ಪುಸ್ತಕದ ಹೆಸರು ತೆಗೆಯಿರಿ ಎಂದು ಸಮಿತಿಗೆ ಬರೆದೆ. ಸಾಫ್ಟ್‌ವೇರ್ ಕಂಪನಿಯನ್ನು ಕೇಳಬೇಕಂತೆ. ಅವಳ ನಂಬರನ್ನಾದರೂ ಬದಲಿಸಿ ಎಂದೆ. ಅದಕ್ಕೆ ಪೋಷಕರ ಸಹಿ ಬೇಕಂತೆ. ಕೊನೆಗೆ ಅವಳಿಗೆ ಬೇಕಾದ ಪುಸ್ತಕಗಳನ್ನು ನನ್ನ ಕಾರ್ಡಿನಲ್ಲಿ ತೆಗೆದುಕೊಡತೊಡಗಿದೆ. ಆಮೇಲೆ ಮೆಸೇಜುಗಳು ನನಗೆ ಬರುತ್ತಿದ್ದವು.

ನಿನ್ನೆ ಒಂದು ಬಂತು. ಪುಸ್ತಕ ಹಿಂದಿರುಗಿಸುವ ದಿನ ಮೀರಿದೆ. ಪುಸ್ತಕ ಅವಳ ಬಳಿ ಇದೆ. ಸೋಮವಾರದಿಂದ ಅವಳು ಕ್ಲಾಸಿಗೆ ಬಂದಿಲ್ಲ. ಗೆಳತಿಯರ ಬಳಿ ಇರುವ ಅವಳ ನಂಬರು ಸ್ವಿಚ್ ಆಫ್.

ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. "ಮನೆಗೊಂದು ಫೋನ್ ಮಾಡಿ ವಿಚಾರಿಸಿ," ಎಂದರು.

ಕಚೇರಿಯಲ್ಲಿರುವುದು ಒಂದೇ ನಂಬರು. ಅದು ಅವನದು.