ಮಹಡಿಯಿಂದ ಇಳಿದ ಚಾಪೆಗಳು

ಬನ್ನಿ ಮಕ್ಕಳೇ, ಚಾವಡಿಯಲ್ಲಿ ಕಾಲು ಚಾಚಿ ಕೂತು ಕೇಳಿ. ಉಡುಪಿಯ ಕಡಿಯಾಳಿಯಲ್ಲಿರುವ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಲಿಡಿಯಾ ಬಾಯಿ ಟ್ಯೂಶನ್ ಕೊಡುತ್ತಾರೆ. ಅವರ ಸಂಸಾರ ನಡೆಯುವುದೇ ಅದರಿಂದ. ಶಾಲೆಯಿಂದ ಹಸಿದು ಬರುವ ಮಕ್ಕಳಿಗೆ ನಾನು ಗಂಜಿ ಬಡಿಸಿ, ತಾಯಂದಿರು ಬರುವವರೆಗೆ ಸಣ್ಣವರನ್ನು ಆ ಮಹಡಿಯಲ್ಲೇ ಚಾಪೆ ಹಾಕಿ ಮಲಗಿಸುತ್ತಿದ್ದೆ.

ಒಂದು ದಿನ ನಗರಸಭೆಯ ಆಫೀಸರು ಟ್ಯೂಶನ್ ತಪಾಸಣೆಗೆ ಬಂದರು. ನಮ್ಮ ವ್ಯವಸ್ಥೆ ನೋಡಲಿ ಎಂದು ನಾನೇ ಚಾಪೆ, ದಿಂಬು ಎಲ್ಲ ತೋರಿಸಿದೆ. ಲಿಡಿಯಾ ಬಾಯಿಯ ಮುಖ ಬಿಳಿಚಿಕೊಂಡಿತು.

"ಪಾಠ ಮಾತ್ರವಾದರೆ ಟ್ಯೂಶನ್, ಮಹಡಿಯಲ್ಲಿ ಅಡ್ಡಿಯಿಲ್ಲ. ಊಟ, ನಿದ್ದೆಯೂ ಉಂಟಾದರೆ ಅದು ಶಿಶುಪಾಲನಾ ಕೇಂದ್ರ. ಮಹಡಿಯಲ್ಲಿ ಆಗುವುದಿಲ್ಲ, ಮುಚ್ಚಬೇಕಾಗುತ್ತದೆ ಅಮ್ಮ," ಎಂದರು ಆಫೀಸರು.

"ಪಾಠದ ಮಧ್ಯೆ ನಿದ್ದೆ ಬಂದರೆ ಎಂತ ಮಾಡುವುದು ಮಾರಾಯರೇ? ನೀವು ಶಾಲೆಯಲ್ಲಿ ತೂಕಡಿಸಲೇ ಇಲ್ಲವಾ?" ಎಂದು ಕೇಳಿದೆ ನಾನು.

ಅವರು ನಕ್ಕರು, ಆದರೆ ಬಗ್ಗಲಿಲ್ಲ.

"ಸರಿ, ಕೆಳಗೆ ನನ್ನ ಮನೆ. ಪಾಠ ಮುಗಿಸಿದ ಮಕ್ಕಳು ಅಜ್ಜಿಯ ಮನೆಗೆ ಇಳಿದು ಬಂದು ಉಂಡು ಮಲಗಿದರೆ?"

"ಹಣ ತೆಗೆದುಕೊಳ್ಳುತ್ತೀರಾ?"

"ಗಂಜಿಗೆ ಹಣವಾ?"

"ಹಾಗಾದರೆ ಅದು ಬರೀ ಮನೆ," ಎಂದರು. ಅವರ ಎದುರೇ ಚಾಪೆಗಳನ್ನು ಕೆಳಗಿಳಿಸಿದೆ.

ಲಿಡಿಯಾ ಬಾಯಿಯ ಟ್ಯೂಶನ್ ಇಂದಿಗೂ ಮೇಲೆ ನಡೆಯುತ್ತಿದೆ. ಆ ಮಕ್ಕಳಲ್ಲಿ ದೊಡ್ಡವರು ಈಗ ಮಣಿಪಾಲದಲ್ಲಿ ಕಾಲೇಜು ಓದುತ್ತಾರೆ. ಆಫೀಸರಿಗೆ ಕಾರ್ಕಳಕ್ಕೆ ವರ್ಗವಾಯಿತು. ಉಡುಪಿಗೆ ಬಂದಾಗಲೆಲ್ಲ ನಮ್ಮಲ್ಲಿ ಗಂಜಿ ಉಂಡು, ಅದೇ ಚಾಪೆಯಲ್ಲಿ ಒಂದು ಗಳಿಗೆ ಮಲಗಿಯೇ ಹೋಗುವುದು.